ಕಡೂರು ಸೀಮೆಯ ಕಡವೆ ಬೇಟೆ: ಪಾಲಿನಿಂದ ಕೂಲಿಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತ ಮತ್ತು ಸಿಂಹಳದ ಕಾಡುಗಳಲ್ಲಿ ಅಲೆದ ಆಂಗ್ಲ ಬೇಟೆಗಾರರ ಬರಹಗಳಲ್ಲಿ ‘ಎಲ್ಕ್’ ಎಂಬ ಪ್ರಾಣಿಯೊಂದು ಮೇಲಿಂದ ಮೇಲೆ ಎದುರಾಗುತ್ತದೆ. ಯುರೋಪಿನಲ್ಲಿ ಈ ಹೆಸರು ಸಲ್ಲುವುದು ಉತ್ತರದ ಹಿಮಸೀಮೆಯ, ಅಗಲವಾದ ಕೊಂಬಿನ ಒಂದು ಬೃಹತ್ ಮೃಗಕ್ಕೆ. ಅಮೆರಿಕದವರು ಅದನ್ನು ‘ಮೂಸ್’ ಎನ್ನುತ್ತಾರೆ. ಅಮೆರಿಕಕ್ಕೆ ವಲಸೆ ಹೋದ ಆಂಗ್ಲರು ಅಲ್ಲಿ ಕಂಡ ಬೇರೊಂದು ದೊಡ್ಡ ಜಿಂಕೆಗೆ ತಮ್ಮ ನೆನಪಿನಲ್ಲಿದ್ದ ಎಲ್ಕ್ ಎಂಬ ಹೆಸರನ್ನು ಅಂಟಿಸಿದರು. ಆ ನೆಲದ ಶಾನಿ ಜನರ ಭಾಷೆಯಲ್ಲಿ ಅದಕ್ಕೆ ‘ವಾಪಿಟಿ’ ಎಂಬ ಸ್ವಂತ ಹೆಸರೇ ಇತ್ತು. ಭಾರತಕ್ಕೂ ಸಿಂಹಳಕ್ಕೂ ಬಂದವರು ಮಾಡಿದ್ದೂ ಇದನ್ನೇ. ಸಿಂಹಳದ ಬೇಟೆಯ ಕುರಿತು ಸ್ಯಾಮ್ಯುಯೆಲ್ ಬೇಕರ್ ಬರೆದ ಪ್ರಸಿದ್ಧ ಗ್ರಂಥದ ಎಲ್ಕ್ ವಾಸ್ತವವಾಗಿ ಸಾಂಬಾರ್ ಜಿಂಕೆ; ಕನ್ನಡಿಗರ ಕಡವೆ. ಕಡೂರು ಎಂಬ ಊರ ಹೆಸರನ್ನು ಈ ಕಡವೆಯಿಂದಲೇ ಬಿಡಿಸುವ ಆಸೆ ಯಾರಿಗಾದರೂ ಹುಟ್ಟಬಹುದು. ಆದರೆ ಸ್ಥಳನಾಮಶಾಸ್ತ್ರವು ಶಬ್ದಸಾಮ್ಯವೊಂದನ್ನೇ ನೆಚ್ಚಿ ನಡೆಯುವುದಿಲ್ಲ.

ಹೆಸರಿನ ಈ ಪಲ್ಲಟವು ಕೇವಲ ಪ್ರಾಣಿಗೆ ಸಂಬಂಧಿಸಿದ ಸಂಗತಿಯಾಗಿದ್ದರೆ ಅದನ್ನು ನಿಘಂಟಿನ ಕುತೂಹಲವೆಂದು ಬಿಟ್ಟುಬಿಡಬಹುದಿತ್ತು. ಕಡವೆಯನ್ನು ಹುಡುಕಿಕೊಟ್ಟ ಮನುಷ್ಯನ ಹೆಸರಿಗೂ ಇಂಥದೇ ಗತಿ ಒದಗಿತು. ಹೊರಗಿನಿಂದ ಬಂದ ಬೇಟೆಗಾರ ಹಣ ಕೊಟ್ಟು ಗೊತ್ತುಮಾಡಿಕೊಳ್ಳುತ್ತಿದ್ದ ಸ್ಥಳೀಯ ಮಾರ್ಗದರ್ಶಕ ಯಾರು, ಅವನ ವಿದ್ಯೆ ಯಾವುದು, ಆ ವಿದ್ಯೆಗೆ ಸಂದ ಪ್ರತಿಫಲ ಎಂಥದು ಎಂಬ ಪ್ರಶ್ನೆಗಳಿಗೆ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ ಒಳ್ಳೆಯ ನಿದರ್ಶನ ಒದಗಿಸುತ್ತದೆ.

ಇಂದಿನ ಚಿಕ್ಕಮಗಳೂರು ಜಿಲ್ಲೆ 1863ರಲ್ಲಿ ರೂಪುಗೊಂಡಾಗ ಅದರ ಹೆಸರು ಕಡೂರು ಜಿಲ್ಲೆ. ಎರಡೇ ವರ್ಷಗಳಲ್ಲಿ ಕೇಂದ್ರಸ್ಥಾನ ಚಿಕ್ಕಮಗಳೂರಿಗೆ ಹೋದರೂ ಜಿಲ್ಲೆಯ ಹೆಸರು ಸ್ವಾತಂತ್ರ್ಯದ ಕಾಲದವರೆಗೂ ಹಾಗೆಯೇ ಉಳಿಯಿತು, ಬಿ.ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವೂ ಕಡೂರು ಜಿಲ್ಲೆಯ ಶಾಸನಗಳೆಂದೇ ಹೆಸರು ಹೊತ್ತಿದೆ. ಈ ಜಿಲ್ಲೆಯ ಪೂರ್ವಭಾಗ ಒಂದು ಬಗೆಯ ಸಂಧಿಭೂಮಿ. ಕಡೂರು, ಬೀರೂರು, ಅಜ್ಜಂಪುರಗಳ ಕಡೆ ಮಳೆ ಕಡಿಮೆಯ ಬಯಲು, ಹುಲ್ಲುಗಾವಲು, ಕೃಷ್ಣಮೃಗ. ಪಶ್ಚಿಮಕ್ಕೆ ಹೊರಳಿದರೆ ಬಾಬಾಬುಡನ್‌ಗಿರಿಯ ಸಾಲು, ಸಂತವೇರಿ, ಲಿಂಗದಹಳ್ಳಿ, ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ. ಅಲ್ಲಿಂದ ಕೆಳಗೆ ಲಕ್ಕವಳ್ಳಿ ಮತ್ತು ಜಾಗರ ಕಣಿವೆಯ ದಟ್ಟ ಕಾಡು. ಕಡವೆ ಇರುವುದು ಈ ಎರಡನೆಯ ಭಾಗದಲ್ಲಿ. ಅರ್ಧ ದಿನದ ಗಾಡಿಯ ಪಯಣದಲ್ಲಿ ಎರಡು ಬಗೆಯ ಬೇಟೆ ದೊರೆಯುವ ಇಂಥ ನೆಲ ಹೊರಗಿನವರ ಕಣ್ಣಿಗೆ ಬೀಳದೆ ಇರುವಂತಿರಲಿಲ್ಲ.

ಅವರನ್ನು ಇಲ್ಲಿಗೆ ತಂದದ್ದು ರೈಲು. ಬೆಂಗಳೂರಿನಿಂದ ಹರಿಹರದವರೆಗಿನ ಮಾರ್ಗ 1889ರಲ್ಲಿ ಪೂರ್ಣಗೊಂಡು ಕಡೂರು, ಬೀರೂರು, ಅಜ್ಜಂಪುರಗಳು ನಿಲ್ದಾಣಗಳಾದವು. ಹತ್ತು ವರ್ಷಗಳ ತರುವಾಯ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗೆಗೆ ಕವಲು ಒಡೆದು ತರೀಕೆರೆಯೂ ಹಳಿಯ ಮೇಲೆ ಬಂದಿತು. ಮದರಾಸು ಪ್ರಾಂತದ ದಂಡಿನ ಅಧಿಕಾರಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಕಡೆಯ ಕಲೆಕ್ಟರ್, ರಜೆಯ ಮೇಲೆ ಬಂದ ಇಂಜಿನಿಯರ್, ಇವರೆಲ್ಲರಿಗೂ 1881ರ ಪುನರರ್ಪಣೆಯ ನಂತರ ಮೈಸೂರು ಪರರಾಜ್ಯವೇ. ಮಹಾರಾಜರ ಸರ್ಕಾರದ ಕಾಡಿನಲ್ಲಿ ಕೋವಿ ಹಿಡಿಯಲು ಮಹಾರಾಜರ ಸರ್ಕಾರದ ಅನುಮತಿ ಬೇಕು. 1901ರ ಮೈಸೂರು ಬೇಟೆ ಮತ್ತು ಮತ್ಸ್ಯ ಸಂರಕ್ಷಣಾ ನಿಬಂಧನೆ ಈ ಅನುಮತಿಗೆ ಕಾನೂನಿನ ಚೌಕಟ್ಟು ಕೊಟ್ಟಿತು.

ಪರವಾನಗಿ ಕೈಯಲ್ಲಿದ್ದ ಮಾತ್ರಕ್ಕೆ ಕಡವೆ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿಂದ ಮುಂದಿನ ವ್ಯವಹಾರ ಆಡಳಿತದ ಏಣಿಯಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ದೊರೆಯ ಪತ್ರ ಅಮಲ್ದಾರನಿಗೆ, ಅಮಲ್ದಾರನ ಹುಕುಂ ಶೇಕದಾರನಿಗೆ, ಶೇಕದಾರನಿಂದ ಗ್ರಾಮದ ಪಟೇಲನಿಗೆ, ಪಟೇಲನಿಂದ ತಳವಾರ, ತೋಟಿಗಳಿಗೆ. ಡೇರೆ ಹೊರುವ ಗಾಡಿ, ಹಾಲು, ಕೋಳಿ, ಸೌದೆ, ಕುದುರೆಗೆ ಹುಲ್ಲು, ಕಾಡು ಸೋವಲು ಆಳುಗಳು, ಎಲ್ಲಕ್ಕಿಂತ ಮುಖ್ಯವಾಗಿ ಮೃಗದ ಜಾಡು ಬಲ್ಲ ಒಬ್ಬನು ಬೇಕು. ಕೊನೆಯ ಈ ಒಬ್ಬನನ್ನು ಪಟೇಲ ಎಲ್ಲಿಂದಲೋ ಹುಡುಕಿಸಬೇಕಾಗಿರಲಿಲ್ಲ. ಅವನು ಯಾರೆಂಬುದು ಊರಿಗೇ ಗೊತ್ತಿರುತ್ತಿತ್ತು. ಬೇಡರವನೋ, ಹಸಲರವನೋ, ತಾಂಡಾದ ಲಂಬಾಣಿಯೋ, ಹೊಲಕ್ಕೆ ಬರುವ ಹಂದಿಯನ್ನು ಕಾಯುತ್ತ ಕಾಡನ್ನು ಕಲಿತ ರೈತನೋ ಆಗಿರುತ್ತಿದ್ದ ಅವನು ಆ ದಿನದ ಮಟ್ಟಿಗೆ ದೊರೆಯ ‘ಶಿಕಾರಿ’ ಆಗುತ್ತಿದ್ದನು.

ಈ ‘ಶಿಕಾರಿ’ ಎಂಬ ಶಬ್ದ ತುಸು ನಿಂತು ನೋಡತಕ್ಕದ್ದು. ಮೂಲ ಪಾರಸಿ. ಮಲೆನಾಡಿನ ಕನ್ನಡದಲ್ಲಿ ಶಿಕಾರಿ ಎಂದರೆ ಬೇಟೆಯೆಂಬ ಕ್ರಿಯೆಯೇ. ‘ಶಿಕಾರಿಗೆ ಹೋದರು’ ಎನ್ನುತ್ತಾರೆ. ಆಂಗ್ಲರ ಬರಹದಲ್ಲಿ ಅದು ಬೇಟೆಯಾಡುವ ವ್ಯಕ್ತಿಯನ್ನು ಸೂಚಿಸುತ್ತದೆ. ಆದರೆ ಬಹುಮಟ್ಟಿಗೆ ಸಂಬಳಕ್ಕೆ ಗೊತ್ತಾದ ದೇಶೀಯನಿಗೆ ಮಾತ್ರ ಅದು ಸಲ್ಲುತ್ತದೆ. ಅದೇ ಕಾಡಿನಲ್ಲಿ ಅದೇ ಮೃಗದ ಹಿಂದೆ ಅದೇ ದಿನ ನಡೆದ ಬಿಳಿಯನಿಗೆ ‘ಸ್ಪೋರ್ಟ್ಸ್‌ಮನ್’ ಎಂಬ ಬೇರೆ ಬಿರುದು. ಒಂದೇ ಕಸುಬಿಗೆ ಎರಡು ಶಬ್ದಗಳನ್ನು ಇಟ್ಟುಕೊಂಡದ್ದರಿಂದ ಒಬ್ಬನ ಶ್ರಮ ಕ್ರೀಡೆಯಾಯಿತು, ಮತ್ತೊಬ್ಬನದು ಕೂಲಿಯಾಯಿತು.

ಆ ಕೂಲಿಯೊಳಗೆ ಅಡಗಿದ್ದ ವಿದ್ಯೆಯಾದರೂ ಸಾಮಾನ್ಯವಲ್ಲ. ಕಡವೆ ನಿಶಾಚರಿ. ಇರುಳೆಲ್ಲ ಹುಲ್ಲುಬ್ಬುಗಳಲ್ಲಿ, ಹೊಲದ ಅಂಚಿನಲ್ಲಿ ಮೇದು ಬೆಳಗಿನ ಮಂಜು ಕರಗುವ ಮೊದಲೇ ಹಳುವದೊಳಗೆ ಸೇರಿ ಹಕ್ಕೆಯಲ್ಲಿ ಮಲಗಿಬಿಡುತ್ತದೆ. ದೊಡ್ಡ ಗಂಡು ಇನ್ನೂರು, ಇನ್ನೂರೈವತ್ತು ಕಿಲೋ ತೂಗುವ ಮೃಗವಾದರೂ ಹತ್ತು ಮಾರಿನ ಪೊದೆಯಲ್ಲಿ ಅದು ನಿಂತಿರುವುದು ಹೊಸಬನಿಗೆ ಕಾಣುವುದಿಲ್ಲ. ಅದರ ಕಣ್ಣಿಗಿಂತ ಮೂಗು ಚುರುಕು. ಆದುದರಿಂದ ಮೊದಲ ಪಾಠ ಗಾಳಿಯದು. ಒಂದು ಚಿಟಿಕೆ ಧೂಳನ್ನೋ ಒಣಗಿದ ಹುಲ್ಲಿನ ಎಸಳನ್ನೋ ಉದುರಿಸಿ ಗಾಳಿಯ ದಿಕ್ಕು ಹಿಡಿಯುವುದು, ಬೆಟ್ಟದ ಮಗ್ಗುಲಲ್ಲಿ ಬಿಸಿಲೇರಿದಂತೆ ಗಾಳಿ ಕೆಳಗಿನಿಂದ ಮೇಲಕ್ಕೆ ತಿರುಗುವ ಗಳಿಗೆಯನ್ನು ಊಹಿಸುವುದು, ಅದಕ್ಕೆ ತಕ್ಕಂತೆ ದೊರೆಯನ್ನು ಅರ್ಧ ಬೆಟ್ಟ ಸುತ್ತಿಸಿಯಾದರೂ ಸರಿಯಾದ ಮಗ್ಗುಲಿಗೆ ತರುವುದು. ಎರಡನೆಯದು ಹೆಜ್ಜೆ. ಇಬ್ಬನಿ ಬಿದ್ದ ಮೇಲೆ ಮೂಡಿದ ಗೊರಸಿನ ಗುರುತು ಬೇರೆ, ಇಬ್ಬನಿಗೆ ಮೊದಲಿನದು ಬೇರೆ. ತುಳಿದ ಹುಲ್ಲು ಇನ್ನೂ ತಲೆಯೆತ್ತುತ್ತಿದ್ದರೆ ಮೃಗ ಹತ್ತಿರದಲ್ಲಿದೆ. ಗಂಡು ಕಡವೆ ಕೊಂಬು ತೀಡಿದ ಮರದ ತೊಗಟೆ ಎಷ್ಟು ಎತ್ತರದಲ್ಲಿ ಸುಲಿದಿದೆ ಎಂಬುದರಿಂದ ಪ್ರಾಣಿಯ ಗಾತ್ರ ತಿಳಿಯುತ್ತದೆ. ಕೆಸರಿನಲ್ಲಿ ಹೊರಳಿದ ಗುಂಡಿ, ನೆಕ್ಕಿದ ಉಪ್ಪುಮಣ್ಣು, ನೆಲ್ಲಿಕಾಯಿ ಉದುರಿದ ಮರದ ಬುಡ, ಇವೆಲ್ಲ ಅವನ ಓದಿನ ಪುಟಗಳು.

ಕೊಂಬಿನ ಕಾಲಗಣನೆಯೂ ಅವನಿಗೆ ಗೊತ್ತು. ಕಡವೆ ಕೊಂಬು ಉದುರಿಸಿ ಮತ್ತೆ ಬೆಳೆಸುವ ಮೃಗ. ಹೊಸ ಕೊಂಬು ಮೊದಲು ಮೆತ್ತಗಿನ ತೊಗಲಿನೊಳಗೆ ಬೆಳೆದು, ಆಮೇಲೆ ಗಟ್ಟಿಯಾಗಿ ತೊಗಲು ಕಳಚುತ್ತದೆ. ಹೊರಗಿನಿಂದ ಬಂದವನಿಗೆ ಬೇಕಾದುದು ಗೋಡೆಗೆ ತಗುಲಿಸಲು ಯೋಗ್ಯವಾದ, ಮೂರು ಮೂರು ಕವಲಿನ ಗಟ್ಟಿ ಕೊಂಬು. ಯಾವ ಕಣಿವೆಯ ಯಾವ ಗಂಡಿಗೆ ಅದು ಬಂದಿದೆ ಎಂಬ ಸುದ್ದಿ ಅಮಲ್ದಾರನ ಕಚೇರಿಯಲ್ಲಿ ದೊರೆಯುತ್ತಿರಲಿಲ್ಲ.

ಅಜ್ಜಂಪುರದ ಬಯಲಿನಲ್ಲಿ ಈ ವಿದ್ಯೆಯ ಸ್ವರೂಪವೇ ಬೇರೆ. ಅಲ್ಲಿ ಅಮೃತಮಹಲ್ ಕಾವಲುಗಳಿವೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದುದು ಪ್ರಸಿದ್ಧವೇ ಆಗಿದೆ. ಸರ್ಕಾರದ ದನಗಳಿಗೆಂದು ಋತುವಿಗೆ ತಕ್ಕಂತೆ ಮೀಸಲಿಟ್ಟ ಈ ಹುಲ್ಲುಗಾವಲುಗಳು ಕೃಷ್ಣಮೃಗಗಳಿಗೂ ಆಶ್ರಯವಾದವು. ಬೀರೂರಿನ ಬಳಿಯ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದುದು ಈ ಕಾರಣದಿಂದಲೇ. ಮರೆಯಿಲ್ಲದ ಬಯಲಿನಲ್ಲಿ ಮನುಷ್ಯ ಕಂಡೊಡನೆ ಹುಲ್ಲೆಯ ಹಿಂಡು ಚಿಮ್ಮಿ ಓಡುತ್ತದೆ, ಆದರೆ ಎತ್ತಿನ ಗಾಡಿಗಾಗಲಿ ಮೇಯುವ ದನಕ್ಕಾಗಲಿ ಅದು ಬೆದರುವುದಿಲ್ಲ. ಆದುದರಿಂದ ಇಲ್ಲಿ ದಾರಿ ತೋರುವವನು ಎತ್ತು ಹೊಡೆಯಬಲ್ಲವನಾಗಬೇಕು. ನೇರವಾಗಿ ಹಿಂಡಿನತ್ತ ಹೋಗದೆ, ದಾರಿಹೋಕನ ಗಾಡಿಯಂತೆ ಓರೆಯಾಗಿ ಸಾಗುತ್ತ, ಸುತ್ತು ಕಿರಿದು ಮಾಡುತ್ತ, ಗಾಡಿಯ ಮರೆಯಲ್ಲಿ ನಡೆಯುವ ಬೇಟೆಗಾರನನ್ನು ಗುಂಡಿನ ಅಳವಿಗೆ ತಲುಪಿಸುವುದು ಅವನ ಕೆಲಸ. ಅಮೃತಮಹಲಿನ ದನಗಾಹಿಗಳಾದ ಸರ್ವೇಗಾರರ ನೆಲದಲ್ಲಿ ಇಂಥ ಕೌಶಲಕ್ಕೆ ಕೊರತೆಯಿರಲಿಲ್ಲ.

ದೊರೆಗಳ ಆಗಮನಕ್ಕೆ ಮೊದಲು ಈ ವಿದ್ಯೆಗೆ ಸಲ್ಲುತ್ತಿದ್ದ ಗೌರವ ಯಾವ ರೂಪದ್ದು? ಮಲೆನಾಡಿನ ಊರಬೇಟೆಯ ಕ್ರಮ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಮೃಗ ಬಿದ್ದ ಮೇಲೆ ಪಾಲು ನಡೆಯುತ್ತದೆ. ಈಡು ಹೊಡೆದವನಿಗೆ ಪಾಲು, ಸೋವಿದವರಿಗೆ ಪಾಲು, ಹಳುವಕ್ಕೆ ನುಗ್ಗಿದ ನಾಯಿಗೂ ಪಾಲು. ಯಾರಿಗೆ ಎಷ್ಟು ಎಂಬುದರ ಮೇಲೆ ಜಗಳಗಳೂ ಉಂಟು. ಜಗಳವಾಗಬಹುದು ಎಂಬುದೇ ಅದು ಹಕ್ಕೆಂಬುದಕ್ಕೆ ಸಾಕ್ಷಿ. ಪಾಲು ಪಡೆಯುವವನು ಬೇಟೆಯ ಕರ್ತೃಗಳಲ್ಲಿ ಒಬ್ಬ. ಕೂಲಿ ಪಡೆಯುವವನು ಸಂಜೆಗೆ ಲೆಕ್ಕ ಚುಕ್ತಾ ಆದವನು. ದೊರೆಯ ಬೇಟೆಯಲ್ಲೂ ಮಾಂಸ ಊರಿಗೆ ಸಿಗುತ್ತಿತ್ತು, ಇನಾಮೂ ದೊರೆಯುತ್ತಿತ್ತು. ಆದರೆ ಅವು ದಯೆಯಿಂದ ಬಂದವು, ಕೇಳಿ ಪಡೆಯುವಂಥವಲ್ಲ. ಪಟೇಲನ ಮೂಲಕ ಬಂದ ಆಳುಗಳ ಕೂಲಿ ಆಳುಗಳ ಕೈಯನ್ನೇ ಸೇರಿತೇ, ನಡುವೆ ನಿಂತಿತೇ ಎಂಬುದು ಬೇರೆ ಪ್ರಶ್ನೆ.

ಹಳೆಯದೆಲ್ಲ ಸುಂದರವಾಗಿತ್ತೆಂದು ಇದರಿಂದ ತಿಳಿಯಬೇಕಾಗಿಲ್ಲ. ಕನ್ನಡ ಕಾವ್ಯಗಳ ಬೇಟೆಯ ವರ್ಣನೆಗಳಲ್ಲೂ ಸುದ್ದಿ ತರುವ ಬೇಡನಿಗೆ ಹೆಸರಿಲ್ಲ. ಕುಮಾರವ್ಯಾಸನ ಅರಣ್ಯಪರ್ವದಲ್ಲಿ ಭೀಮನನ್ನು ಬೇಟೆಗೆ ಹೊರಡಿಸುವವರು ಮೃಗಗಳ ನೆಲೆ ಬಲ್ಲ ವನಚರರ ಒಂದು ಗುಂಪು. ರಾಘವಾಂಕನ ಹರಿಶ್ಚಂದ್ರನು ಬೇಟೆಗೆ ಹೊರಡುವುದು ಬೆಳೆ ಕಳೆದುಕೊಂಡ ಜನರ ಮೊರೆಯಿಂದ. ಅವರೆಲ್ಲ ಬಂದು, ಹೇಳಿ, ಕತೆಯಿಂದ ಮರೆಯಾಗುತ್ತಾರೆ. ಇದಕ್ಕೆ ವ್ಯತಿರಿಕ್ತವಾದ ಒಂದು ವಿಚಿತ್ರ ದಾಖಲೆ ಆತಕೂರಿನ ಶಾಸನ. ಶಕವರ್ಷ 872ರ, ಎಂದರೆ ಕ್ರಿ.ಶ. 949-50ರ ಆ ಕಲ್ಲಿನಲ್ಲಿ ಗಂಗರ ಬೂತುಗನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ ಮಣಲೆರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕಲ್ಲಿನ ಮೇಲೆ ಅವೆರಡರ ಹೋರಾಟದ ಶಿಲ್ಪವಿದೆ. ಕಲ್ಲಿನ ಪೂಜೆಗೆ ಭೂಮಿಯ ದತ್ತಿಯೂ ಇದೆ. ಹತ್ತನೆಯ ಶತಮಾನದ ಒಂದು ನಾಯಿಯ ಹೆಸರು ಇಂದಿಗೂ ಓದಲು ಸಿಗುತ್ತದೆ. ಅದಾಗಿ ಸಾವಿರ ವರ್ಷಗಳ ಈಚೆಗೆ, ಅಚ್ಚಿನ ಮನೆಯೂ ಕಚೇರಿಯ ಕಡತಗಳೂ ಇದ್ದ ಕಾಲದಲ್ಲಿ ತರೀಕೆರೆಯ ಬೆಟ್ಟಗಳಲ್ಲಿ ಕಡವೆ ತೋರಿಸಿದವನ ಹೆಸರು ಸಿಗುವುದು ದುರ್ಲಭ.

ಅಚ್ಚಾದ ಗ್ರಂಥಗಳಿಗೇನೂ ಕೊರತೆಯಿಲ್ಲ. ಮಂಜರಾಬಾದಿನ ಕಾಫಿ ಬೆಳೆಗಾರ ರಾಬರ್ಟ್ ಎಲಿಯಟ್ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ. ಎರಡನೆಯದರ ಶೀರ್ಷಿಕೆಯಲ್ಲಿ ಚಿನ್ನಕ್ಕೂ ಕಾಫಿಗೂ ನಡುವೆ ಬೇಟೆಗೆ ಸ್ಥಾನವಿದೆ. ಮೈಸೂರು ಅರಣ್ಯ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಸಿ.ಇ.ಎಂ. ರಸೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದ ಉಪಶೀರ್ಷಿಕೆಯಂತೂ ಹೊಸದಾಗಿ ಬೇಟೆಗಿಳಿಯುವವರಿಗೆ ಸೂಚನೆಗಳು ಇವೆಯೆಂದು ಸಾರುತ್ತದೆ. ಹೊರಗಿನಿಂದ ಬರುವವರ ಸಂಖ್ಯೆ ಒಂದು ಕೈಪಿಡಿಯನ್ನು ಬೇಡುವಷ್ಟಿತ್ತು ಎಂಬುದಕ್ಕೆ ಬೇರೆ ಆಧಾರ ಬೇಕಿಲ್ಲ. ಲಂಡನ್ನಿನ ರೋಲೆಂಡ್ ವಾರ್ಡ್ ಸಂಸ್ಥೆ 1892ರಿಂದ ಪ್ರಕಟಿಸತೊಡಗಿದ ಬೇಟೆಯ ದಾಖಲೆಪುಸ್ತಕ ಇನ್ನೂ ಸ್ಪಷ್ಟ. ಕೊಂಬಿನ ಉದ್ದ, ಸುತ್ತಳತೆ, ತುದಿಯಿಂದ ತುದಿಗೆ ಅಂತರ, ದೊರೆತ ಸ್ಥಳ, ಒಡೆಯನ ಹೆಸರು ಎಂಬ ಅಂಕಣಗಳು ಅಲ್ಲಿವೆ. ಒಂದು ಅಂಗುಲದ ಭಾಗಗಳನ್ನೂ ಬಿಡದೆ ಅಳೆದ ಆ ಕೋಷ್ಟಕದಲ್ಲಿ ಜಾಡು ಹಿಡಿದವನಿಗೆ ಅಂಕಣವಿಲ್ಲ. ಇದನ್ನು ಬರೆದವರ ದುರುದ್ದೇಶವೆಂದು ಹೇಳಿದರೆ ತಪ್ಪಾದೀತು. ಹಲವರು ತಮ್ಮ ಜಾಡುಗಾರರನ್ನು ಮನಸಾರೆ ಹೊಗಳಿದ್ದಾರೆ. ಹೊಗಳಿಕೆ ಮುನ್ನುಡಿಯಲ್ಲಿರುತ್ತದೆ, ಒಡೆತನ ಕೋಷ್ಟಕದಲ್ಲಿರುತ್ತದೆ.

ಕಾನೂನು ಈ ಅಂತರವನ್ನು ಇನ್ನಷ್ಟು ಆಳಗೊಳಿಸಿತು. ಪರವಾನಗಿ ಪಡೆದ ಅತಿಥಿಗೆ ಸೋಮವಾರ ಕಡವೆ ತೋರಿಸಿದವನು ಸೇವಕ. ಬುಧವಾರ ಅದೇ ಕಣಿವೆಯಲ್ಲಿ ಅದೇ ವಿದ್ಯೆಯಿಂದ ತನ್ನ ಮನೆಗೆಂದು ಒಂದನ್ನು ಹೊಡೆದರೆ ಕಳ್ಳಬೇಟೆಗಾರ. ರಕ್ಷಣೆಯ ನಿಯಮಗಳು ಬೇಕೇ ಇರಲಿಲ್ಲವೆಂದಲ್ಲ. ಅವಿಲ್ಲದಿದ್ದರೆ ಲಕ್ಕವಳ್ಳಿಯ ಕಾಡಿನಲ್ಲಿ ಇಂದು ಕಡವೆಯೇ ಇರುತ್ತಿರಲಿಲ್ಲ. ಆದರೆ ನಿಯಮವು ಮೃಗವನ್ನು ಕಾಯುವಾಗ ವಿದ್ಯಾವಂತನನ್ನು ವಿಂಗಡಿಸಿದ ರೀತಿ ಹೀಗಿತ್ತು: ಅವನ ವಿದ್ಯೆ ಇನ್ನೊಬ್ಬನಿಗೆ ಮಾರಿದಾಗ ಮಾತ್ರ ಸಕ್ರಮ.

ಎಲ್ಕ್ ಎಂಬ ಹೆಸರನ್ನು ಹಂಚಿಕೊಂಡ ಅಮೆರಿಕದಲ್ಲಿ ಇದೇ ಸಂಬಂಧ ಬೇರೆ ದಾರಿ ಹಿಡಿಯಿತು. ಅಲ್ಲಿನ ವಯೋಮಿಂಗ್ ರಾಜ್ಯದಲ್ಲಿ ಹೊರರಾಜ್ಯದಿಂದ ಬಂದವನು ಸಂರಕ್ಷಿತ ವನ್ಯಪ್ರದೇಶದೊಳಗೆ ಎಲ್ಕ್ ಮೊದಲಾದ ದೊಡ್ಡ ಮೃಗಗಳನ್ನು ಬೇಟೆಯಾಡಬೇಕಾದರೆ ಪರವಾನಗಿ ಪಡೆದ ಮಾರ್ಗದರ್ಶಕನನ್ನೋ ಅನುಮತಿಯುಳ್ಳ ಸ್ಥಳೀಯ ನಿವಾಸಿಯನ್ನೋ ಜೊತೆಗೆ ಕರೆದೊಯ್ಯಲೇಬೇಕು. ಅಲ್ಲಿ ಪರವಾನಗಿ ಬೇಟೆಗಾರನಿಗೂ ಬೇಕು, ದಾರಿ ತೋರುವವನಿಗೂ ಬೇಕು. ಎಂದರೆ ದಾರಿ ತೋರುವ ಕೆಲಸವೂ ಹೆಸರು, ಹೊಣೆ, ದರಗಳುಳ್ಳ ಒಂದು ವೃತ್ತಿ. ಆ ನೆಲದ ಮೂಲನಿವಾಸಿಗಳು ಅದೇ ಕಾಡುಗಳಿಂದ ಹೊರಬಿದ್ದ ಕತೆ ಈ ವ್ಯವಸ್ಥೆಯ ಹಿಂದೆ ಇದೆ ಎಂಬುದನ್ನೂ ಮರೆಯುವಂತಿಲ್ಲ. ಮೈಸೂರಿನ ನಿಬಂಧನೆ ಪರವಾನಗಿ ಕೊಟ್ಟದ್ದು ಕೋವಿ ಹಿಡಿದವನಿಗೆ.

ಕಡೂರು ಸೀಮೆಯ ಬೇಟೆಯ ಬರಹದಲ್ಲಿ ಸ್ಥಳೀಯನ ದನಿ ತುಸು ಕೇಳತೊಡಗುವುದು ಇಪ್ಪತ್ತನೆಯ ಶತಮಾನದ ನಡುವೆ, ಕೆನೆತ್ ಆಂಡರ್ಸನ್‌ನಿಂದ. ಅವನ ಮೊದಲ ಪುಸ್ತಕ ಬಂದುದು 1954ರಲ್ಲಿ. ಅದರಲ್ಲಿ ಈ ಸೀಮೆಯ ಎಮ್ಮೆದೊಡ್ಡಿಯ ನರಭಕ್ಷಕನ ಕತೆಯಿದೆ. ಚಿನ್ನಾರ್ ಹೊಳೆಯ ಕಡೆಯ ಬೈರನೆಂಬ ಪೂಜಾರಿಗೆ ಅದೇ ಪುಸ್ತಕದ ಒಂದು ಅಧ್ಯಾಯವೇ ಮೀಸಲು, ಶೀರ್ಷಿಕೆಯಲ್ಲೇ ಅವನ ಹೆಸರಿನೊಡನೆ. ಆಂಡರ್ಸನ್ ಬೆಂಗಳೂರಿನಲ್ಲೇ ಬಾಳಿದವನು, ಕನ್ನಡ ಬಲ್ಲವನು. ದುಭಾಷಿಯ ಹಂಗಿಲ್ಲದವನಿಗೆ ಜಾಡುಗಾರ ಮನುಷ್ಯನಾಗಿ ಕಂಡನು. ಈ ಕತೆಗಳನ್ನು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರು ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದವರು. ಅವರ ‘ಕರ್ವಾಲೊ’ ಕಾದಂಬರಿ (1980) ಈ ಚರಿತ್ರೆಯ ಹಿನ್ನೆಲೆಯಲ್ಲಿ ಹೊಸದಾಗಿ ಓದಿಸಿಕೊಳ್ಳುತ್ತದೆ. ಅಲ್ಲಿ ಹುಡುಕಾಟ ಕೊಂಬಿಗಲ್ಲ, ಹಾರುವ ಓತಿಗೆ. ಹುಡುಕುವವನು ವಿಜ್ಞಾನಿ. ಆದರೆ ಅದನ್ನು ಕಂಡವನು, ಕಾಣಬಲ್ಲವನು ಜೇನು ಹಿಡಿಯುವ ಮಂದಣ್ಣ. ಊರ ಕಣ್ಣಿಗೆ ಪೆದ್ದನಾದ, ಮೊಕದ್ದಮೆಯಲ್ಲಿ ಸಿಕ್ಕಿಬೀಳುವ ಈ ಮಂದಣ್ಣನನ್ನು ಬಿಟ್ಟರೆ ಕರ್ವಾಲೊ ಕಾಡಿನೊಳಗೆ ಒಂದು ಹೆಜ್ಜೆಯನ್ನೂ ಇಡಲಾರರು. ಅದು ಅವರಿಗೂ ಗೊತ್ತು. ನೂರು ವರ್ಷಗಳ ಬೇಟೆಯ ಬರಹಗಳು ಪಕ್ಕದಲ್ಲಿ ನಿಲ್ಲಿಸಿದ ಮನುಷ್ಯನನ್ನು ಕನ್ನಡ ಕಾದಂಬರಿ ನಡುವೆ ತಂದು ಕೂರಿಸಿತು. ಸಾಹಿತ್ಯದ ವಿದ್ಯಾರ್ಥಿಗಳು ಮಂದಣ್ಣನನ್ನು ಕೇವಲ ಹಾಸ್ಯದ ಪಾತ್ರವೆಂದು ಬರೆದು ಮುಗಿಸುವುದು ಅನ್ಯಾಯ.

ಬೇಟೆಯ ಯುಗ ಮುಗಿದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1951ರಲ್ಲಿ ಜಾಗರ ಕಣಿವೆ ವನ್ಯಜೀವಿಧಾಮವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಅದೇ ದಶಕದಲ್ಲಿ ಲಕ್ಕವಳ್ಳಿಯ ಕಾಡೂ ಸೇರಿ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಅಭಯಾರಣ್ಯದೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಅವರಲ್ಲಿ ಹೆಚ್ಚಿನವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು ದೊರೆಯಿತು. ಕಾಡಿನಿಂದ ಜನರನ್ನು ಹೊರತಂದ ಪ್ರಯತ್ನಗಳಲ್ಲಿ ಇದು ಯಶಸ್ವಿಯಾದವುಗಳ ಸಾಲಿಗೆ ಸೇರುತ್ತದೆ, ಅದು ಸರಿಯೂ ಹೌದು. ಯಾವ ಹಳ್ಳದ ಯಾವ ತಿರುವಿನಲ್ಲಿ ಕಡವೆ ಹೊರಳುತ್ತದೆಂದು ಬಲ್ಲ ಹಿರಿಯರು ಈಗ ಅಡಕೆ, ಬತ್ತಗಳ ನಡುವೆ ಇದ್ದಾರೆ. ಕಾಡಿನಲ್ಲಿ ಉಳಿದ ಜಾಡುಬಲ್ಲವರು ಅರಣ್ಯ ಇಲಾಖೆಯ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ದಿನಗೂಲಿಯ ಕಾವಲುಗಾರರಾಗಿದ್ದು, ಹೊರಗಿನಿಂದ ಬರುವ ಸಂಶೋಧಕರಿಗೆ ಕ್ಯಾಮೆರಾ ಕಟ್ಟುವ ಮರವನ್ನು ತೋರಿಸುತ್ತಾರೆ.